ತಾನಾಗಿ ಸರಿಯುವ ಗುಂಡಿಗಳು

ನನ್ನ ಗಂಡನ ದನಿಯನ್ನು ನಾನು ಇಪ್ಪತ್ತು ವರ್ಷ ಕದ್ದು ಇಳಿಸಿದ್ದೇನೆ. ಮನೆಯ ಮಾತುಕತೆಯಲ್ಲಿ ಅಲ್ಲ. ಅಲ್ಲಿ ಅವರನ್ನು ಇಳಿಸುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ನಾನು ಹೇಳುತ್ತಿರುವುದು ಭಜನೆಯ ವಿಷಯ. ಎಲ್ಲರ ಮೈಕಿನ ದನಿ ಬೆರೆಸುವ ಮಿಕ್ಸರ್ ನನ್ನ ಕೈಯಲ್ಲಿತ್ತು. ಅದರಲ್ಲಿ ಎಡಗಡೆಯಿಂದ ಮೊದಲನೆಯ ಗುಂಡಿ ಅವರದು. ಅದನ್ನು ಯಾವಾಗ ಎಷ್ಟು ಕೆಳಗೆ ಎಳೆಯಬೇಕು ಎಂಬುದು ನನ್ನ ಬೆರಳಿಗೆ ಒಲೆಯ ಉರಿ ಗೊತ್ತಿದ್ದ ಹಾಗೆ ಗೊತ್ತಿತ್ತು. ಇದು ಬಯಲಾದದ್ದು ಹುಮನಾಬಾದಿನಲ್ಲಿ, ನನ್ನ ತಮ್ಮನ ಅಂಗಡಿಯಲ್ಲಿ, ಹಾಡಹಗಲು, ನಾವು ದನಿ ಏರಿಳಿಸುವ ಹೊಸ ಬೋರ್ಡು ಆರಿಸಲು ಹೋಗಿದ್ದಾಗ.

ನನ್ನ ತವರು ಹುಮನಾಬಾದ್. ನಮ್ಮಪ್ಪ ಅಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದರು. ಓಣಿಯ ಹುಡುಗಿಯರೆಲ್ಲ ರಂಗೋಲಿಯ ಚುಕ್ಕೆ ಎಣಿಸುತ್ತಿದ್ದ ವಯಸ್ಸಿನಲ್ಲಿ ನಾನು ಹಲ್ಲಿನಿಂದ ವಾಯರ್ ಸುಲಿಯುತ್ತಿದ್ದೆ. ಹಾರ್ನ್ ಸ್ಪೀಕರನ್ನು ಯಾವ ಕಡೆ ಮುಖ ಮಾಡಿ ಕಟ್ಟಬೇಕು, ಮೈಕು ಯಾಕೆ ಕುಂಯ್ ಅನ್ನುತ್ತದೆ, ಭಾಷಣ ಮಾಡುವವರು ಮೈಕು ಊದಿ ನೋಡಿದರೆ ಎಷ್ಟು ಸಿಟ್ಟು ಬರುತ್ತದೆ, ಇದೆಲ್ಲ ಮದುವೆಗೆ ಮೊದಲೇ ಕಲಿತಿದ್ದೆ. ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದೆ. ನಮ್ಮನೆಯವರದು ಬಟ್ಟೆ ಅಂಗಡಿ. ಸಂಜೆ ಅಂಗಡಿಯ ಕದ ಎಳೆದ ಮೇಲೆ ಭಜನಾ ಮಂಡಳಿ. ಎಂಟು ಜನರ ಮಂಡಳಿಗೆ ಅವರೇ ಮುಂದಿನ ಹಾಡುಗಾರ.

ಆ ಮಂಡಳಿಯಲ್ಲಿ ಒಂದು ವಿಚಿತ್ರ ರೂಢಿಯಿತ್ತು. ಮಿಕ್ಸರನ್ನು ನಡುವೆ ಇಟ್ಟುಕೊಂಡು ಸುತ್ತ ಕೂರುವುದು, ಅವರವರ ಮೈಕಿನ ಗುಂಡಿಯನ್ನು ಅವರವರೇ ಸರಿಸಿಕೊಳ್ಳುವುದು. ಒಬ್ಬರು ಒಂದು ಕೂದಲೆಳೆ ಏರಿಸಿದರೆ ಪಕ್ಕದವರು ಎರಡು ಏರಿಸುವರು. ಮೂರನೆಯವರು ಕಣ್ಣು ಮುಚ್ಚಿ ಭಕ್ತಿಯಿಂದ ತಲೆದೂಗುತ್ತ, ಎಡಗೈಯಿಂದ ಪೂರ್ತಿ ಮೇಲೆ ತಳ್ಳಿಬಿಡುವರು. ಎರಡನೆಯ ಹಾಡಿಗೆ ಬರುವಷ್ಟರಲ್ಲಿ ಹಾರ್ನು ಕಿರುಚತೊಡಗುತ್ತಿತ್ತು. ದೇವರು ಒಳ್ಳೆಯವನು, ಎದ್ದು ಹೋಗುತ್ತಿರಲಿಲ್ಲ.

ಮದುವೆಯಾದ ಮರುವರ್ಷ ಒಂದು ಸೋಮವಾರ ನನಗೆ ತಡೆಯಲಾಗಲಿಲ್ಲ. ಹೆಂಗಸರ ಸಾಲಿನಿಂದ ಎದ್ದು ಹೋಗಿ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಗುಡಿಯ ಕಂಬದ ಹತ್ತಿರ ಕೂತೆ. ಗದ್ದಲವಾಯಿತು. ಹೆಣ್ಣುಮಗಳು ಮಷಿನ್ ಮುಂದೆ ಕೂರುವುದೇ ಎಂದರು. ತಾಳ ಬಾರಿಸುವ ಕಾಕಾ, ಮಂಡಳಿಗೆ ಹಿರಿಯರು, ಕೈ ಎತ್ತಿ ನ್ಯಾಯ ಹೇಳಿದರು: "ಯಾರ ಕೈಯಾಗರ ಇರ್ಲಿ, ನಿಮ್ಮೊಳಗ ಒಬ್ಬರ ಕೈಯಾಗ ಬ್ಯಾಡ." ಅವರಿಗೆ ನನ್ನ ಮೇಲೆ ನಂಬಿಕೆಯಿತ್ತು ಅಂತಲ್ಲ. ಒಬ್ಬರ ಮೇಲೊಬ್ಬರಿಗೆ ಇದ್ದ ಅಪನಂಬಿಕೆ ಅದಕ್ಕಿಂತ ದೊಡ್ಡದಿತ್ತು. ಹೀಗೆ ನಾನು ಮಿಕ್ಸರಿನ ಯಜಮಾನಿಯಾದೆ.

ಇನ್ನು ನನ್ನ ಕಳ್ಳತನ. ನಮ್ಮ ಮಂಡಳಿ ಪ್ರತಿ ಸಲ ಮುಗಿಸುವ ಹಾಡೊಂದಿದೆ. ಅದರ ಕೊನೆಗೆ ದನಿ ಮೇಲಕ್ಕೆ ಹೋಗಿ ನಿಲ್ಲುವ ಒಂದು ಸಾಲು ಬರುತ್ತದೆ. ನಮ್ಮನೆಯವರ ದನಿ ಕೆಳಗೆ ಬಲು ಚಲೋ, ದುಂಡಗೆ, ತೂಕವಾಗಿ ಇರುತ್ತದೆ. ಆ ಏರಿನ ಸಾಲಿಗೆ ಬಂದರೆ ಮಾತ್ರ ಒಡೆಯುತ್ತದೆ, ಶ್ರುತಿ ಬಿಟ್ಟು ಪಕ್ಕದ ಓಣಿಗೆ ಹೋಗುತ್ತದೆ. ಹಿಂದಿನ ಸಾಲಿನಲ್ಲಿ ಮುಡಬಿ ಊರಿನವರೊಬ್ಬರು ಕೂರುತ್ತಿದ್ದರು. ಊರಲ್ಲಿ ಕಂಡವರ ಹೊಲದಲ್ಲಿ ಕೂಲಿ, ಭಜನೆಯಿದ್ದ ದಿನ ಶೇರ್ ಆಟೋ ಹತ್ತಿ ಕಲ್ಯಾಣಕ್ಕೆ ಬರುವುದು, ಬಂದ ಕೂಡಲೇ ಹಾರ್ಮೋನಿಯಂ ಹೊತ್ತು ತಂದಿಡುವುದು. ಎಲ್ಲರೂ ಅವರನ್ನು ಮುಡಬಿ ಎಂದೇ ಕರೆಯುತ್ತಿದ್ದರು. ನಮ್ಮನೆಯವರು ಹಾಡಿದ ಸಾಲನ್ನು ಜೊತೆಗೂಡಿ ಹಾಡುವುದು ಅವರ ಪಾಲು. ಆ ಮನುಷ್ಯ ಏರಿನ ಸಾಲನ್ನು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹಾಡುತ್ತಿದ್ದ.

ನಾನು ಮಾಡಿದ್ದಿಷ್ಟೆ. ಆ ಸಾಲು ಬರುತ್ತಲೇ ಮೊದಲನೆಯ ಗುಂಡಿಯನ್ನು ಕೆಳಗೆ ಎಳೆಯುತ್ತಿದ್ದೆ, ಮುಡಬಿಯವರ ಐದನೆಯದನ್ನು ಮೇಲಕ್ಕೆ ತಳ್ಳುತ್ತಿದ್ದೆ. ಮುಂದೆ ಕೂತ ನಮ್ಮನೆಯವರು ಬಾಯಿ ತೆರೆದು ಕೈ ಎತ್ತಿ ಹಾಡುವರು. ಹಾರ್ನಿನಿಂದ ಹೊರಡುತ್ತಿದ್ದದ್ದು ಮುಡಬಿಯವರ ದನಿ. ಹಾರ್ನು ಊರ ಕಡೆ ಮುಖ ಮಾಡಿರುತ್ತದೆ, ತಾಳ ತಬಲಾದ ಗದ್ದಲದಲ್ಲಿ ಕೂತವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಹುಲಸೂರಿನವರೆಗೂ ಹೆಸರಾಯಿತು. "ಸಾವಕಾರರು ಕಡೀ ಸಾಲು ಏರಿಸಿದ್ರು ಅಂದ್ರ ಮೈಮ್ಯಾಲೆ ಮುಳ್ಳು ಏಳ್ತಾವ" ಎಂದು ಅಂಗಡಿಗೆ ಸೀರೆ ಕೊಳ್ಳಲು ಬಂದವರು ಹೇಳುವರು. ಇವರು ಮೀಸೆಯಲ್ಲಿ ನಗುತ್ತ ಇನ್ನೊಂದು ಸೀರೆ ಬಿಚ್ಚಿ ತೋರಿಸುವರು. ನಾನು ಒಳಗೆ ಕೂತು ನನ್ನ ಜಾಣತನಕ್ಕೆ ನಾನೇ ಮೆಚ್ಚುತ್ತಿದ್ದೆ. ಗಂಡನ ಮರ್ಯಾದೆ ಕಾಯುವುದು ಹೆಂಡತಿಯ ಕೆಲಸ ಅಂತಾರಲ್ಲ, ನಾನು ಅದನ್ನು ಎರಡು ಬೆರಳಲ್ಲಿ ಮಾಡಿದ್ದೆ.

ಈಗೀಗ ಎಲ್ಲರ ಕೈಯಲ್ಲೂ ಮೊಬೈಲು. ಮಂಡಳಿಯವರಿಗೂ ತಮ್ಮ ಹಾಡನ್ನು ರೆಕಾರ್ಡ್ ಮಾಡಿ ಜನರಿಗೆ ಕೇಳಿಸುವ ಆಸೆ ಬಂತು. ದನಿ ಮಾರ್ದನಿಸದಿರಲೆಂದು ನಮ್ಮ ಮನೆಯ ಮೇಲಿನ ಕೋಣೆಯ ಗೋಡೆಗೆ ಹಳೆಯ ರಜಾಯಿಗಳನ್ನು ಹೊಡೆಸಿದೆವು. ಕಂಪ್ಯೂಟರ್ ಬಂತು, ಎಂಟು ದನಿಯನ್ನು ಬೇರೆ ಬೇರೆ ಪಟ್ಟಿಯಲ್ಲಿ ಹಿಡಿದಿಡುವ ಸಾಫ್ಟ್‌ವೇರ್ ಬಂತು. ಮುಗಿಸುವ ಹಾಡನ್ನೇ ಮೊದಲು ರೆಕಾರ್ಡ್ ಮಾಡಿದೆವು. ಒಂದು ಮಧ್ಯಾಹ್ನ ಅವರೆಲ್ಲ ಊಟಕ್ಕೆ ಹೋದಾಗ ನಾನು ಮೌಸ್ ಹಿಡಿದು ನನ್ನ ಹಳೆಯ ಕೆಲಸವನ್ನು ಅದರಲ್ಲೂ ಮಾಡಿದೆ. ಆ ಸಾಫ್ಟ್‌ವೇರಿನಲ್ಲಿ ದನಿ ಎಲ್ಲಿ ಇಳಿಯಬೇಕು, ಎಲ್ಲಿ ಏರಬೇಕು ಎಂದು ಗೆರೆ ಎಳೆದಿಟ್ಟರೆ ಸಾಕು, ಪ್ರತಿ ಸಲವೂ ಅದು ಹಾಗೆಯೇ ನುಡಿಸುತ್ತದೆ. ಮೊದಲನೆಯ ಪಟ್ಟಿಗೆ ಒಂದು ಇಳಿಜಾರು, ಐದನೆಯದಕ್ಕೆ ಒಂದು ಏರು. ರೆಕಾರ್ಡಿನಲ್ಲಿ ನಮ್ಮ ದನಿ ನಮಗೇ ಬೇರೆಯಾಗಿ ಕೇಳಿಸುತ್ತದೆ, ಎಲ್ಲರಿಗೂ ಹಾಗೇ ಆಗುವುದು ಎಂದು ಮೊದಲೇ ಅವರ ಕಿವಿಗೆ ಹಾಕಿದ್ದೆ. ಅದು ಸುಳ್ಳೂ ಅಲ್ಲ. ಹಾಡು ಕೇಳಿ ನಮ್ಮನೆಯವರು, "ನನ್ನ ದನಿ ಮಷಿನ್‌ದಾಗ ಇನ್ನೂ ಚಲೋ ಬರ್ತದ ನೋಡು" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೆಳಗೆ ಇಳಿದೆ.

ತೊಂದರೆ ಬಂದದ್ದು ಮೌಸಿನಿಂದ. ಎಂಟು ಜನರಿಗೆ ಒಂದು ಮೌಸ್. ಮತ್ತೆ ಹಳೆಯ ರೂಢಿ ಎದ್ದು ಕೂತಿತು. ಒಬ್ಬೊಬ್ಬರೂ ನನ್ನ ಭುಜದ ಹಿಂದೆ ನಿಂತು "ನಂದು ಜರಾ ಏರಸ್ರಿ ವೈನಿ" ಅನ್ನುವವರೇ. ನಾನು ನೀರು ಕುಡಿಯಲು ಎದ್ದರೆ ಸಾಕು, ಯಾರದೋ ಬೆರಳು ಮೌಸಿನ ಮೇಲೆ. ನನ್ನ ಮಣಿಕಟ್ಟು ಬಾತುಕೊಂಡಿತು. ಕೊನೆಗೆ ಒಂದು ಬೋರ್ಡು ತರೋಣ ಎಂದು ನಿಶ್ಚಯವಾಯಿತು. ಅದನ್ನು ಕಂಟ್ರೋಲ್ ಸರ್ಫೇಸ್ ಅಂತಾರೆ. ದನಿ ಹೋಗುವುದು ಅದರೊಳಗಿಂದ ಅಲ್ಲ, ಕಂಪ್ಯೂಟರಿನಲ್ಲೇ. ಬೋರ್ಡಿನಲ್ಲಿ ಮೇಲೆ ಕೆಳಗೆ ಸರಿಸುವ ಗುಂಡಿಗಳಿರುತ್ತವೆ, ಫೇಡರ್ ಎಂದು ಹೆಸರು. ಇಲ್ಲಿ ಗುಂಡಿ ಸರಿಸಿದರೆ ಅಲ್ಲಿ ಪಟ್ಟಿಯ ದನಿ ಏರಿಳಿಯುತ್ತದೆ. ಮೌಸಿನ ಹಾಗೆ ಒಂದನ್ನೇ ಹಿಡಿದು ಒದ್ದಾಡಬೇಕಿಲ್ಲ, ಹತ್ತು ಬೆರಳಿಗೂ ಕೆಲಸ.

ಹುಮನಾಬಾದಿನ ಅಂಗಡಿ ಈಗ ನನ್ನ ತಮ್ಮನದು. ಅವನಿಗೆ ಫೋನ್ ಮಾಡಿದೆ. "ಬಾ ಅಕ್ಕಾ, ಎರಡು ಮೂರು ನಮೂನಿ ತರಿಸಿಟ್ಟಿರ್ತೀನಿ, ನಿಮ್ಮ ಕಂಪ್ಯೂಟರ್ ತಗೊಂಡಽ ಬರ್ರಿ, ಹಚ್ಚಿ ನೋಡೂಣು" ಅಂದ. ನಾನು ಒಬ್ಬಳೇ ಹೋಗಿಬರುವ ಲೆಕ್ಕದಲ್ಲಿದ್ದೆ. ಆದರೆ ಯಂತ್ರ ಕೊಳ್ಳುವ ವಿಷಯ ಗಂಡಸರ ಕಿವಿಗೆ ಬಿದ್ದ ಮೇಲೆ ಅವರು ಮನೆಯಲ್ಲಿ ಕೂರುತ್ತಾರೆಯೇ? ನಮ್ಮನೆಯವರು ಹೊಸ ಅಂಗಿ ಹಾಕಿದರು. ತಾಳದ ಕಾಕಾ ಟೊಪ್ಪಿಗೆ ಹಾಕಿ ಬಂದು ನಿಂತರು. ಕಂಪ್ಯೂಟರ್ ಹೊರಲು ಮುಡಬಿಯವರಿಗೆ ಹೇಳಿಕಳಿಸಿದ್ದರು. "ಎತ್ತೋ, ಜರಾ ಹುಷಾರ್" ಎಂದು ನಮ್ಮನೆಯವರು ದಾರಿಯುದ್ದಕ್ಕೂ ಹೇಳಿದರು. ಬಸ್ಸಿನಲ್ಲಿ ಕಂಪ್ಯೂಟರಿನ ಡಬ್ಬಿಯನ್ನು ಮುಡಬಿಯವರು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡು ಕೈಯಿಂದ ಅಪ್ಪಿ ಹಿಡಿಯುತ್ತಿದ್ದರು.

ತಮ್ಮ ಮೊದಲು ಒಂದು ಸಣ್ಣ ಬೋರ್ಡು ತೋರಿಸಿದ. ಅದರಲ್ಲಿ ಒಂದೇ ಫೇಡರ್. ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂಟು ಮಂದಿಗೆ ಒಂದು ಗುಂಡಿ? ಇದು ಮನ್ಯಾಗ ಇಟ್ರ ಖೂನ್ ಆಗ್ತಾವ" ಎಂದು ಪಕ್ಕಕ್ಕೆ ಸರಿಸಿದರು. ಎರಡನೆಯದರಲ್ಲಿ ಎಂಟು ಫೇಡರ್, ಕೊನೆಗೆ ಇನ್ನೊಂದು ಕೆಂಪು ಬಣ್ಣದ್ದು. ಅದು ಯಾರದು ಎಂದು ಕಾಕಾ ಕೇಳಿದರು. ಅದು ಎಲ್ಲರ ದನಿಯನ್ನೂ ಒಟ್ಟಿಗೆ ಏರಿಸಿ ಇಳಿಸುವುದು ಎಂದು ತಮ್ಮ ಹೇಳಿದ್ದೇ ತಡ, ತಾಳ ಬಾರಿಸುವವರಿಗೇ ಅದು ಬರಬೇಕು, ತಾಳ ಎಲ್ಲರಿಗೂ ಸೇರಿದ್ದಲ್ಲವೇ ಎಂದು ಕಾಕಾ ವಾದ ಹೂಡಿದರು. ನಮ್ಮನೆಯವರು ಕೆಮ್ಮಿದರು. ಮುಂದಿನ ಹಾಡುಗಾರ ಇನ್ನೂ ಬದುಕಿದ್ದಾನೆ ಎಂಬುದು ಆ ಕೆಮ್ಮಿನ ಅರ್ಥ.

ಆ ಎರಡನೆಯ ಬೋರ್ಡು ಸಾದಾ. ಫೇಡರನ್ನು ಕೈಯಿಂದ ಸರಿಸಿದರೆ ಸರಿಯುತ್ತದೆ, ಬಿಟ್ಟರೆ ಬಿಟ್ಟಲ್ಲೇ ಕೂರುತ್ತದೆ. ಅದರಲ್ಲಿ ಒಂದು ಐಬು ಇತ್ತು. ಕಂಪ್ಯೂಟರಿನಲ್ಲಿ ದನಿ ಒಂದು ಎತ್ತರದಲ್ಲಿರುತ್ತದೆ, ಬೋರ್ಡಿನ ಮೇಲೆ ಗುಂಡಿ ಇನ್ನೊಂದು ಎತ್ತರದಲ್ಲಿ. ಮುಟ್ಟಿದ ಕೂಡಲೇ ದನಿ ಎಗರಿ ಗುಂಡಿ ಇದ್ದಲ್ಲಿಗೆ ಬಂದುಬಿಡುತ್ತದೆ. ನನಗೆ ಅದೇ ಇಷ್ಟವಾಯಿತು. ಒಳಗಿನದೊಂದು, ಹೊರಗೆ ಕಾಣುವುದೊಂದು. ಗುಟ್ಟು ಇಟ್ಟುಕೊಂಡವರಿಗೆಂದೇ ಮಾಡಿದ ಹಾಗಿತ್ತು.

"ಇದಽ ಸಾಕು" ಎಂದೆ.

"ತಡಿ ಅಕ್ಕಾ, ಮಜಾ ಅಂದ್ರ ಮುಂದ ಅದ" ಎಂದು ತಮ್ಮ ಮೂರನೆಯ ಡಬ್ಬಿ ಬಿಚ್ಚಿದ. ಅದರ ಫೇಡರುಗಳಿಗೆ ಕೆಳಗೆ ಸಣ್ಣ ಸಣ್ಣ ಮೋಟಾರು. ಕಂಪ್ಯೂಟರಿನಲ್ಲಿ ನಾವು ಎಳೆದಿಟ್ಟ ಗೆರೆಯನ್ನು ಓದಿ, ಹಾಡು ನಡೆದ ಹಾಗೆ ಗುಂಡಿಗಳು ತಾವಾಗಿಯೇ ಮೇಲೆ ಕೆಳಗೆ ಓಡುತ್ತವೆ ಎಂದು ಅವನು ಹೇಳಿದಾಗ ನನ್ನ ಕಿವಿ ಬಿಸಿಯಾಯಿತು. ಮೋಟಾರು ಅಂದಮೇಲೆ ಕೆಡುತ್ತದೆ ಎಂದೆ. ಕರೆಂಟು ಕುಡಿಯುತ್ತದೆ ಎಂದೆ. ಧೂಳು ಹೊಕ್ಕರೆ ಗುಂಡಿ ಸಿಕ್ಕಿಬೀಳುತ್ತದೆ, ಇಲಿ ವಾಯರ್ ಕಡಿಯುತ್ತದೆ ಎಂದೆ.

"ಇಲಿ ಬರೇ ಮೋಟರ್ ಇದ್ದದ್ದಽ ಕಡಿತಾವೇನವಾ?" ಕಾಕಾ ಕೇಳಿದರು.

ಹಚ್ಚಿ ತೋರಿಸಲೇಬೇಕು ಎಂದು ತಮ್ಮ ಹಟ ಹಿಡಿದ. ನಾನು ಚಹಾ ಕುಡಿದು ಬರೋಣ ಎಂದೆ. ಚಹಾ ಇಲ್ಲಿಗೇ ಬಂತು. ಹಾಗಾದರೆ ಎಂದು ನಾನೇ ಮುಂದೆ ಹೋಗಿ, ಇನ್ನೂ ಗೆರೆ ಎಳೆಯದ ಒಂದು ಹಾಡನ್ನು ತೆರೆದೆ. ಹಾಡು ನಡೆಯಿತು, ಗುಂಡಿಗಳು ಅಲ್ಲಾಡಲಿಲ್ಲ. "ನೋಡ್ರಿ, ಏನೂ ಇಲ್ಲ" ಎಂದೆ, ಜೀವಕ್ಕೆ ಹಾಯೆನಿಸಿತು. ತಮ್ಮನ ಮುಖ ಸಣ್ಣದಾಯಿತು. ಆಗ ನಮ್ಮನೆಯವರು ಕುರ್ಚಿ ಹತ್ತಿರ ಎಳೆದುಕೊಂಡು, "ಆ ಮುಗಿಸೋ ಹಾಡು ಹಚ್ಚು. ಅದು ಅಗದಿ ಚಲೋ ಬಂದದ" ಎಂದರು. ಅದು ಇದರಲ್ಲಿಲ್ಲ, ಅಳಿಸಿಹೋಗಿದೆ ಎಂದೆ. ತಮ್ಮ ಅದನ್ನು ನನ್ನ ಮೂಗಿನ ಕೆಳಗೇ ಹುಡುಕಿ ತೆಗೆದ. ನನ್ನ ಒಡಹುಟ್ಟಿದವನು!

ಹಾಡು ಶುರುವಾಯಿತು. ಎಂಟೂ ಗುಂಡಿಗಳು ಟಕ್ಕನೆ ಜಿಗಿದು ತಮ್ಮ ತಮ್ಮ ಜಾಗಕ್ಕೆ ನಿಂತವು. ಕಾಕಾ "ಶಿವಶಿವಾ" ಎಂದು ಹಿಂದೆ ಸರಿದರು. ಮುಡಬಿಯವರು ಬಾಗಿಲ ಹತ್ತಿರ ನಿಂತಿದ್ದವರು ಎರಡು ಹೆಜ್ಜೆ ಮುಂದೆ ಬಂದರು. ಮೊದಲನೆಯ ಗುಂಡಿ ಎಲ್ಲರಿಗಿಂತ ಮೇಲಿತ್ತು. ನಮ್ಮನೆಯವರು ಅದನ್ನು ಬೆರಳಲ್ಲಿ ತೋರಿಸಿ, "ಅದು ನಂದು" ಎಂದರು, ಅಂಗಡಿಯವರೆಲ್ಲ ಕೇಳುವ ಹಾಗೆ. ನಾನು ಚಹಾದ ಕಪ್ಪು ಎತ್ತಿ ಖಾಲಿ ಕಪ್ಪನ್ನೇ ಕುಡಿದೆ.

ಏರಿನ ಸಾಲು ಬಂತು. ಮೊದಲನೆಯ ಗುಂಡಿ ಯಾರೂ ಮುಟ್ಟದೆ, ಸದ್ದಿಲ್ಲದೆ, ಕೆಳಗೆ ಕೆಳಗೆ ಸರಿದು ತಳಕ್ಕೆ ಹೋಗಿ ಕೂತಿತು. ಅದೇ ಗಳಿಗೆಗೆ ಐದನೆಯದು ಮೇಲಕ್ಕೆ ಏರಿತು. ಸಾಲು ಮುಗಿಯಿತು, ಎರಡೂ ತಮ್ಮ ಹಳೆಯ ಜಾಗಕ್ಕೆ ಬಂದವು. ಆ ಸಾಲನ್ನು ಮೂರು ಸಲ ಹಾಡುತ್ತಾರೆ. ಮೂರು ಸಲವೂ ಹಾಗೆಯೇ ಆಯಿತು.

"ಹ್ಯಾಂಗ?" ತಮ್ಮ ಖುಷಿಯಿಂದ ಕುಣಿಯುವುದೊಂದು ಬಾಕಿ. "ಅಕ್ಕ ಏನೇನು ಮಾಡ್ಯಾಳೋ ಅದನ್ನ ಬರೋಬ್ಬರಿ ಮಾಡಿ ತೋರ್ಸಾಕತ್ತದ ನೋಡ್ರಿ ಮಾಮಾ!"

ನಮ್ಮನೆಯವರು ನಗಲಿಲ್ಲ. "ಐದನೇದು ಯಾರದು?" ಎಂದರು. ನನ್ನ ಕಣ್ಣು ಮುಡಬಿಯವರ ಕಡೆ ಹೋಯಿತು. "ಇನ್ನೊಮ್ಮೆ ಹಚ್ಚು" ಎಂದರು. ಈ ಸಲ ಏರಿನ ಸಾಲು ಬರುವ ಮೊದಲೇ ನಮ್ಮನೆಯವರೇ ತೋರುಬೆರಳನ್ನು ಮೊದಲನೆಯ ಗುಂಡಿಯ ಮೇಲೆ ಇಟ್ಟರು. ಬೆರಳು ತಾಗಿದರೆ ಆ ಮೋಟಾರು ಬಿಟ್ಟುಕೊಡುತ್ತದೆ. ಗುಂಡಿ ಇಳಿಯಲಿಲ್ಲ. ಅವರ ದನಿ, ಇದ್ದ ಹಾಗೆ, ಒಡೆದು, ಶ್ರುತಿ ಬಿಟ್ಟು, ಅಂಗಡಿ ತುಂಬ ಕೇಳಿಸಿತು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ನಮ್ಮನೆಯವರು ಬೆರಳು ತೆಗೆಯಲಿಲ್ಲ, ಮೂರು ಸಲವೂ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬರೇ ಇದೊಂದಽ ಹಾಡಿನಾಗೋ, ಭಜನಿಯಾಗೂ ಹಿಂಗಽನೋ?"

"ಭಜನಿಯಾಗೂ" ಎಂದೆ.

"ಯಾವಾಗಿಂದ?"

"ಲಗ್ನಾದ ಮರುವರ್ಷದಿಂದ್ರಿ."

ನನಗೆ ಇಷ್ಟು ವರ್ಷದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ, ಅದರಲ್ಲಿ ನನಗೆ ಅಭ್ಯಾಸವಿದೆ. ಅವರು ಎದ್ದು ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತರು. ಕಾಕಾ ಏನಾದರೂ ಮಾತಾಡಬೇಕೆಂದು, "ಮುಡಬಿ, ನಿನಗರ ಗೊತ್ತಿತ್ತೇನೋ ಇದು?" ಎಂದು ಕೇಳಿದರು.

"ಗೊತ್ತಿತ್ತರಿ ಕಾಕಾ" ಎಂದರು ಮುಡಬಿಯವರು, ಮೆಲ್ಲಗೆ. "ನಾರಾಯಣಪುರದ ಗುಡಿ ಮುಂದ ಹಾಡಿದ್ವಲ್ರಿ, ಅಲ್ಲಿ ಕಲ್ಲಿಗೆ ಬಡದು ಆವಾಜ್ ತಿರುಗಿ ಬರ್ತದ. ಆವತ್ತು ಕೇಳಿದ್ನಿ. ನನ್ನ ದನಿ ನನಗ ತಿಳ್ಯಂಗಿಲ್ಲೇನ್ರಿ?" ಆಮೇಲೆ ನನ್ನನ್ನು ನೋಡಿ ಅಂದರು, "ಅಕ್ಕಾರ ಒಬ್ಬರರ ನನ್ನ ಹಾಡು ಕೇಳಾಕತ್ತಾರ, ಚಲೋ ಅದ ಅಂತಽ ಏರಸಾಕತ್ತಾರ ಅಂತ ತಿಳಕೊಂಡಿದ್ನಿ. ಆ ಖುಷಿಗೇ ಬರ್ತಿದ್ನಿರಿ."

ನಾನು ಅವರ ಹಾಡನ್ನು ಹಾಡೆಂದು ಒಂದು ದಿನವೂ ಕೇಳಿರಲಿಲ್ಲ. ಗಂಡನ ಹರಿದ ಜಾಗಕ್ಕೆ ತೇಪೆ ಹಚ್ಚಲು ಕೈಗೆ ಸಿಕ್ಕ ಬಟ್ಟೆ ಅದು, ಅಷ್ಟೆ. ಹೌದ್ರಿ ಎಂದು ಹೇಳಿಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನನ್ನ ಬಾಯಿಗೆ ಸುಳ್ಳು ಹೊಸದೇನೂ ಅಲ್ಲ. ಆದರೆ ಅದೊಂದು ಸುಳ್ಳು ಆವತ್ತು ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿ ವಾಯರ್ ಸುತ್ತತೊಡಗಿದೆ.

ಯಾವ ಬೋರ್ಡೂ ಇಲ್ಲದೆ ತಿರುಗಿ ಬಂದೆವು. ಬಸ್ಸಿನಲ್ಲಿ ನಮ್ಮನೆಯವರು ಡ್ರೈವರಿನ ಹಿಂದಿನ ಸೀಟಿಗೆ ಹೋಗಿ ಕೂತರು, ನಾನು ಹಿಂದೆ ಉಳಿದೆ. ಮನೆಯಲ್ಲಿ ಮೂರು ದಿನ ನನ್ನ ಜೊತೆ ಮಾತಿಲ್ಲ. ಏನು ಬೇಕಾದರೂ ಗೋಡೆಯ ಕ್ಯಾಲೆಂಡರಿಗೆ ಹೇಳುವರು. "ಚಹಾ ಆಗಿದ್ರ ಚಲೋ ಆಗ್ತಿತ್ತು" ಎಂದು ಅದಕ್ಕೆ ಹೇಳಿ ಕಾಯುವರು. ನಾನೂ ಕಮ್ಮಿಯಿಲ್ಲ, ಚಹಾ ತಂದು ಕ್ಯಾಲೆಂಡರಿನ ಕೆಳಗೆ ಇಟ್ಟು ಹೋಗುತ್ತಿದ್ದೆ. ಎರಡನೆಯ ದಿನ ಅಂಗಡಿಯಲ್ಲಿ ಯಾರೋ ಅವರ ಏರಿನ ಸಾಲನ್ನು ಹೊಗಳಿದರಂತೆ. ಇವರು ಅಳತೆ ಮಾಡುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಬಂದು ಕೂತರು.

ಮೂರನೆಯ ದಿನ ಊಟಕ್ಕೆ ಬಡಿಸುತ್ತ ನಾನೇ ಸೋತೆ. "ನನ್ನದಽ ತಪ್ಪಾತು" ಎಂದೆ.

"ಯಾಕ ಮಾಡಿದಿ?" ಕ್ಯಾಲೆಂಡರಿಗಲ್ಲ, ನನಗೇ ಕೇಳಿದರು.

"ಮಂದಿ ನಗಬಾರದು ಅಂತ."

ಅವರು ರೊಟ್ಟಿ ಮುರಿದವರು ಬಾಯಿಗೆ ಹಾಕಲಿಲ್ಲ. "ಮೊದಲನೇ ದಿನಽ ಹೇಳಿದ್ರ ಕಲೀತಿದ್ದೆ. ಇಪ್ಪತ್ತು ವರ್ಷದಾಗ ಕಲೀತಿದ್ದಿಲ್ಲೇನು? ಇಲ್ಲಾಂದ್ರ ಬಿಡ್ತಿದ್ದೆ. ಎರಡೂ ಮಾಡಾಕ ನೀ ಬಿಡಲಿಲ್ಲ." ಸಿಟ್ಟಿನಿಂದ ಅಂದಿದ್ದರೆ ಮರೆಯಬಹುದಿತ್ತು. ಲೆಕ್ಕ ತಪ್ಪಿದ್ದನ್ನು ತೋರಿಸುವವರ ಹಾಗೆ ಮೆತ್ತಗೆ ಅಂದರು. ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಅತ್ತೆ.

ಮರುದಿನ ಅಂಗಡಿ ತೆರೆಯದೆ ಎಲ್ಲಿಗೋ ಹೋದರು. ಸಂಜೆ ಒಂದು ದೊಡ್ಡ ಡಬ್ಬಿಯನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ಮೇಲಿನ ಕೋಣೆಯ ಮೇಜಿನ ಮೇಲೆ ಇಟ್ಟರು. ಬಿಚ್ಚಿ ನೋಡಿದರೆ ಮೋಟಾರಿನ ಬೋರ್ಡು. ಅದು ಬಹಳ ದುಬಾರಿ, ಸಾದಾದ್ದೇ ಸಾಕಿತ್ತಲ್ಲ ಎಂದೆ.

"ಇರ್ಲಿ. ಇನ್ನ ನಿನ್ನ ಕೈ ಏನ ಮಾಡಾಕತ್ತದ ಅಂತ ನನಗ ಕಾಣಬೇಕು. ಇದರಾಗ ಕಳುವು ಮಾಡಿದ್ರೂ ಎದುರಿಗಽ ಮಾಡ್ಬೇಕಾಗ್ತದ" ಎಂದರು. ಮೀಸೆಯ ಕೆಳಗೆ ಸ್ವಲ್ಪ ನಗು ಇತ್ತು. ಇದ್ದ ಹಾಗೆ ನನಗೆ ಕಂಡಿತು.

ಪ್ರತಿ ಫೇಡರಿನ ಕೆಳಗೆ ಹೆಸರು ಬರೆಯಲು ಬಿಳಿಯ ಟೇಪು ಹರಿದು ಅಂಟಿಸಿದೆ. ಮೊದಲನೆಯದರ ಮೇಲೆ ಅವರೇ ತಮ್ಮ ಹೆಸರು ಬರೆದರು, ಗಂಡನ ಹೆಸರು ನಾನು ಹೇಳುವುದಿಲ್ಲ ಎಂಬ ನೆಪಕ್ಕೆ. ಎರಡು, ಮೂರು, ನಾಲ್ಕು ಬರೆದೆ. ಐದಕ್ಕೆ ಬಂದಾಗ ಪೆನ್ನು ನಿಂತಿತು. ಹೆಸರು ಗೊತ್ತಿಲ್ಲ. ಇವರನ್ನು ಕೇಳಿದೆ. ಇವರು ಮೊಬೈಲು ತೆಗೆದು ನೋಡಿದರು, ಅದರಲ್ಲೂ ಮುಡಬಿ ಎಂದೇ ಇತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಪ್ಪತ್ತು ವರ್ಷ ಅವರ ದನಿಯನ್ನು ಮನೆಯ ಸಾಮಾನಿನ ಹಾಗೆ ಬಳಸಿದವರು ನಾವು. ಐದನೆಯ ಟೇಪನ್ನು ಖಾಲಿ ಬಿಟ್ಟೆ. ಮರುದಿನ ಅವರು ಬಂದು ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದೆ. ಅವರು ಯಾವ ಬೇಜಾರೂ ಇಲ್ಲದೆ ಹೇಳಿದರು, ನಾನು ಬರೆದೆ, ಅವರು ಬಾಗಿ ಅದನ್ನು ಓದಿಕೊಂಡರು.

ಆ ದಿನ ಮೇಲಿನ ಕೋಣೆಯಲ್ಲಿ ನಾವು ನಾಲ್ಕೇ ಜನ, ಕಾಕಾ ಸೇರಿ. ಉಳಿದವರದು ಮೊದಲೇ ರೆಕಾರ್ಡ್ ಆಗಿತ್ತು. ನಮ್ಮನೆಯವರು ಮೊದಲು ಒಂದು ಷರತ್ತು ಹಾಕಿದರು. ಎಂಟೂ ಗುಂಡಿ ಸಮನಾಗಿ ನಿಲ್ಲಬೇಕು, ನನ್ನ ಕೈ ಬೋರ್ಡಿನ ಹತ್ತಿರ ಬರಬಾರದು. ಮುಗಿಸುವ ಹಾಡನ್ನು ಹಾಡಿದರು. ಏರಿನ ಸಾಲಿನಲ್ಲಿ ಒಡೆದರು. ಮತ್ತೆ ಹಾಡಿದರು, ಮತ್ತೆ ಒಡೆದರು. ಕಾಕಾ ಸಮಾಧಾನ ಹೇಳಲು ಬಾಯಿ ತೆರೆದದ್ದನ್ನು ನೋಡಿ ಕೈ ಅಡ್ಡ ಮಾಡಿದರು. "ಇದು ನನ್ನದಲ್ಲ. ಕೆಳಗಿನ ಸಾಲು ನಾ ಹಾಡ್ತೀನಿ" ಎಂದು ಹೆಡ್‌ಫೋನು ತೆಗೆದು, ಬಾಗಿಲ ಹತ್ತಿರ ಕೂತಿದ್ದ ಮುಡಬಿಯವರ ಕೈಗೆ ತಾವೇ ಕೊಟ್ಟರು.

ಅವರು ಒಂದೇ ಸಲಕ್ಕೆ ಹಾಡಿ ಮುಗಿಸಿದರು. ಕಾಕಾ ಕಣ್ಣು ಮುಚ್ಚಿಕೊಂಡಿದ್ದರು. ಆಯಿತು, ಅದ್ಭುತ, ಇನ್ನೇನೂ ಬೇಡ ಎಂದು ನಾನು ನಿಲ್ಲಿಸಿದೆ. ಅವರು ಹೆಡ್‌ಫೋನಿನ ಮೇಲೆ ಎರಡು ಕೈಯಿಟ್ಟುಕೊಂಡು, ತಮ್ಮೊಬ್ಬರದೇ ದನಿ ಕೇಳಬಹುದೇ ಎಂದು ಕೇಳಿದರು. ಬೋರ್ಡಿನಲ್ಲಿ ಅದಕ್ಕೊಂದು ಸಣ್ಣ ಬಟನ್ನಿದೆ, ಒತ್ತಿದರೆ ಉಳಿದವರೆಲ್ಲ ಸುಮ್ಮನಾಗುತ್ತಾರೆ. ಒತ್ತಿದೆ. ತಾಳವಿಲ್ಲ, ತಬಲಾ ಇಲ್ಲ, ಯಾರ ಬೆನ್ನೂ ಅಡ್ಡವಿಲ್ಲ. ಅವರ ದನಿಯೊಂದೇ ಸ್ಪೀಕರಿನಿಂದ ಬಂದು ರಜಾಯಿಯ ಗೋಡೆಗಳ ನಡುವೆ ನಿಂತಿತು. ನಾನು ಅದನ್ನು ಮೊದಲ ಸಲ ಕೇಳಿದೆ. ಅವರು ಕಣ್ಣು ಮಿಟುಕಿಸದೆ ಕೊನೆಯವರೆಗೂ ಕೇಳಿ, ಹುಬ್ಬು ಗಂಟಿಕ್ಕಿದರು.

"ಎರಡನೇ ಸರ್ತಿ ಜರಾ ಉಸಿರು ಬಿಟ್ಟೀನಿರಿ" ಎಂದರು. "ಚಂದ ಆಗಿಲ್ಲ. ಇನ್ನೊಮ್ಮೆ ಹಾಡ್ಲೇನ್ರಿ?"

"ಹಾಡ್ರಿ" ಎಂದರು ನಮ್ಮನೆಯವರು. "ನಿಮಗ ಸಮಾಧಾನ ಆಗೂತನ ಹಾಡ್ರಿ."

ನಾನು ರೆಕಾರ್ಡಿನ ಕೆಂಪು ಬಟನ್ ಒತ್ತಿದೆ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ.